ಕೆಮ್ಮದವರ ಮನೆಗೆ ಬಂದ ಪ್ರಾಣಿ

ನಮ್ಮ ಮನೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಪರಊರಿನವರು ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಸೀನಲು ಶುರು ಮಾಡಿ, ಪೇಟೆ ದಾಟಿ ನಮ್ಮ ಓಣಿಗೆ ಬರುವಷ್ಟರಲ್ಲಿ ಕಣ್ಣು ಮೂಗು ಒರೆಸಿಕೊಳ್ಳುತ್ತ, ‘ಹೆಂಗ ಬಾಳೇ ಮಾಡತೀರಿ ಮಾರಾಯ್ರ ಈ ಊರಾಗ’ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯೇ ನಮಗೆ ತಿಳಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಊರಿನ ಗಾಳಿಯೇ ಮೆಣಸಿನಕಾಯಿಯದು. ಅದನ್ನೇ ಉಸಿರಾಡಿ ಬೆಳೆದವರು ನಾವು. ಒಗ್ಗರಣೆಗೆ ಹಾಕಿದ ಕಾಯಿ ಸೀದು ಕಪ್ಪಗಾದರೂ ಅಡುಗೆಮನೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಹಾವೇರಿಗೆ ಬಂದು ನೆಲೆಸಿ, ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡುತ್ತ ಕೂದಲು ಬೆಳ್ಳಗಾದ ಮೇಲೆ ಈಗ ನಾನೂ ಒಗ್ಗರಣೆಗೆ ಕೆಮ್ಮುತ್ತೇನೆ. ಹಾಗೆ ಕೆಮ್ಮಿದಾಗಲೆಲ್ಲ ನನಗೆ ನೆನಪಾಗುವುದು ಸೋದರತ್ತೆ ಪಾರತ್ತೆ. ಅವಳ ಜೊತೆಗೇ ನೆನಪಾಗುವುದು ನಮ್ಮ ಓಣಿಯ ಆಡುಗಳನ್ನು ಕೊಂದ, ಇಂದಿಗೂ ಏನೆಂದು ಗೊತ್ತಾಗದ ಆ ಪ್ರಾಣಿ. ಇವೆರಡಕ್ಕೂ ಸಂಬಂಧ ಇತ್ತೋ ಇಲ್ಲವೋ ಎಂಬುದನ್ನು ಬಗೆಹರಿಸಿಕೊಳ್ಳೋಣ ಎಂದೇ ನನ್ನ ನೆನಪುಗಳ ಈ ಅಧ್ಯಾಯ ಬರೆಯಲು ಕುಳಿತಿದ್ದೇನೆ. ಬಗೆಹರಿಯುತ್ತದೆಂಬ ಭರವಸೆ ಏನಿಲ್ಲ.

ಮನೆ ದೊಡ್ಡದೇನಲ್ಲ. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಅಂಕಣ. ಅಲ್ಲಿ ಒಂದು ಎಮ್ಮೆ, ಮತ್ತು ಅಜ್ಜಿಯ ಹಾಲಿಗೆಂದು ಸಾಕಿದ ಒಂದು ಆಡು. ಸದಾ ಜಿಂಕೆಯಂತೆ ನೆಗೆಯುತ್ತಿದ್ದ ಆ ಆಡಿಗೆ ಚಿಗರಿ ಎಂದು ಹೆಸರು. ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಹಗಲಲ್ಲೂ ಕತ್ತಲಿರುವ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲ ಬಾಗಿಲು. ಸುಗ್ಗಿಯ ತಿಂಗಳುಗಳಲ್ಲಿ ಈ ಮನೆ ನಮ್ಮದಾಗಿ ಉಳಿಯುತ್ತಿರಲಿಲ್ಲ. ಅಪ್ಪ ಪೇಟೆಯ ವ್ಯಾಪಾರಿಯೊಬ್ಬರಿಂದ ಮೆಣಸಿನಕಾಯಿ ಚೀಲಗಳನ್ನು ತಂದು ಹಾಕಿಸುತ್ತಿದ್ದ. ಓಣಿಯ ಹೆಂಗಸರು ಪಡಸಾಲೆಯಲ್ಲಿ ಸಾಲಾಗಿ ಕುಳಿತು ತುಂಬು ಬಿಡಿಸುತ್ತಿದ್ದರು, ಅಂದರೆ ಒಂದೊಂದೇ ಕಾಯಿಯ ತೊಟ್ಟು ಕೀಳುತ್ತಿದ್ದರು. ನೆಲ ಕೆಂಪು, ಗೋಡೆಯ ಸುಣ್ಣ ಮೊಣಕಾಲೆತ್ತರದವರೆಗೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಎಲ್ಲರ ಕೈಯೂ ಕೆಂಪು. ಎಷ್ಟು ತೊಳೆದರೂ ರೊಟ್ಟಿಯ ಮೇಲೆ ಬೆರಳಿನ ಗುರುತು ಮೂಡುತ್ತಿತ್ತು. ಅವ್ವ ಬಡಿದದ್ದು ಯಾವುದು, ಅಜ್ಜಿ ಬಡಿದದ್ದು ಯಾವುದು ಎಂದು ನಾನು ಆ ಗುರುತು ನೋಡಿಯೇ ಹೇಳುತ್ತಿದ್ದೆ. ಅಜ್ಜಿ ಕಂಬಕ್ಕೆ ಒರಗಿ ಕುಳಿತು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಿದ್ದಳು. ಅವಳ ಪಕ್ಕದ ಗೂಡಿನಲ್ಲಿ ಒಂದು ಬೆಲ್ಲದ ಡಬ್ಬಿ. ಕೆಲಸಕ್ಕೆ ಹೊಸಬರು ಬಂದು ಕೆಮ್ಮಿದರೆ ಗಂಟಲು ಹಿಡಿಯದಿರಲೆಂದು ಅವರ ಬಾಯಿಗೆ ಒಂದು ಚೂರು ಬೆಲ್ಲ. ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಹೊಸ್ತಿಲು ದಾಟುವ ಮೊದಲು ಅವರ ಬಾಯಿಗೂ ಒಂದು ಚೂರು, ಹೋದ ಕಡೆ ಒಳ್ಳೆಯದಾಗಲಿ ಎಂದು. ಬೇರೆ ಯಾವ ಕಾರಣಕ್ಕೂ ಆ ಡಬ್ಬಿ ತೆರೆಯುತ್ತಿರಲಿಲ್ಲ. ನಾನು ಅತ್ತರೂ ಇಲ್ಲ.

ಅಜ್ಜಿಯ ಇನ್ನೊಂದು ಕೆಲಸ ದೃಷ್ಟಿ ತೆಗೆಯುವುದು. ನನಗೆ ಊಟ ಸೇರದಿದ್ದರೆ, ಎಮ್ಮೆ ಹಾಲು ಕಡಿಮೆ ಕೊಟ್ಟರೆ, ಅಪ್ಪ ಸುಮ್ಮನೆ ಸಿಟ್ಟು ಮಾಡಿದರೆ, ಅಜ್ಜಿ ಒಂದು ಹಿಡಿ ಒಣಮೆಣಸಿನಕಾಯಿ ಉಪ್ಪಿನ ಜೊತೆ ಹಿಡಿದು ತಲೆಯಿಂದ ಕಾಲಿನವರೆಗೆ ಇಳಿಸಿ, ಒಡೆದ ಹಂಚಿನಲ್ಲಿಟ್ಟ ಕೆಂಡಕ್ಕೆ ಹಾಕುತ್ತಿದ್ದಳು. ಇದರ ನಿಯಮ ಎಲ್ಲರಿಗೂ ಗೊತ್ತಿರುವುದೇ. ಘಾಟು ಬಡಿದು ಮನೆಯವರು ಕೆಮ್ಮಿದರೆ ದೃಷ್ಟಿ ಇಲ್ಲ. ಯಾರಿಗೂ ಘಾಟು ಬರದಿದ್ದರೆ ದೃಷ್ಟಿ ಗಟ್ಟಿಯಾಗಿ ತಾಗಿದೆ. ನಮ್ಮ ಮನೆಯಲ್ಲಿ ಒಮ್ಮೆಯೂ ಯಾರೂ ಕೆಮ್ಮಲಿಲ್ಲ.

“ನೋಡಿದ್ಯೇನು, ಒಬ್ಬರಿಗರ ಘಾಟ ಬಡೀತೇನು? ಎಷ್ಟ ಮಂದೀದು ಕಣ್ಣ ಬಿದ್ದೈತಿ ಕೂಸಿಗೆ!” ಎಂದು ಅಜ್ಜಿ ಪ್ರತಿ ಸಲವೂ ಹೊಸದಾಗಿ ಬೆರಗಾಗುತ್ತಿದ್ದಳು.

“ಈ ಮನಿ ಮ್ಯಾಲ ಬೀಳೂವಷ್ಟ ಕಣ್ಣು ನಮ್ಮ ಸಾವಕಾರ್ರ ಮನಿ ಮ್ಯಾಲೂ ಬೀಳೂದಿಲ್ಲ ನೋಡಬೇ ಯವ್ವಾ,” ಎಂದು ಅಪ್ಪ ನಗುತ್ತಿದ್ದ. ನಗುತ್ತಿದ್ದನೇ ಹೊರತು ಅವನಿಗೂ ಒಳಗೊಳಗೆ ಹೆಮ್ಮೆ ಇತ್ತು ಎಂದು ನನಗೆ ಈಗ ಅನಿಸುತ್ತದೆ. ಇಡೀ ಊರೇ ಹೊಟ್ಟೆಕಿಚ್ಚು ಪಡುವಂಥದ್ದು ನಮ್ಮಲ್ಲಿ ಏನಿತ್ತು ಎಂದು ಕೇಳಿಕೊಂಡವರು ಯಾರೂ ಇರಲಿಲ್ಲ.

ಅಂಥ ಒಂದು ಸುಗ್ಗಿಯಲ್ಲಿ, ಮಧ್ಯಾಹ್ನದ ಹೊತ್ತು, ಪಾರತ್ತೆ ಒಂದು ಕೈಚೀಲ ಹಿಡಿದು ತಲೆಬಾಗಿಲಲ್ಲಿ ನಿಂತಳು. ಅಪ್ಪನ ಒಬ್ಬಳೇ ತಂಗಿ. ರಾಣೇಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿಯಿದ್ದ ಮನೆಗೆ ಅವಳನ್ನು ಕೊಟ್ಟಿದ್ದರು; ಹೋಗಿ ಎರಡು ವರ್ಷವಾಗಿತ್ತು, ನಡುವೆ ಒಮ್ಮೆಯೂ ತವರಿಗೆ ಕಳಿಸಿರಲಿಲ್ಲ. ಅವಳು ಹೊಸ್ತಿಲು ದಾಟಿದವಳೇ ಕೆಮ್ಮಲು ಶುರು ಮಾಡಿದಳು. ಹೆಂಗಸರೆಲ್ಲ ತೊಟ್ಟು ಕೀಳುವುದನ್ನು ಬಿಟ್ಟು ನಕ್ಕರು.

“ಪರಊರಾಕಿ ಆಗಿ ಬಂದೀಯಲ್ಲ ಪಾರಿ!” ಎಂದು ಅಜ್ಜಿಯೂ ನಕ್ಕು ಬೆಲ್ಲದ ಡಬ್ಬಿಗೆ ಕೈ ಹಾಕಿದಳು.

ಪಾರತ್ತೆ ಬೆಲ್ಲ ಬಾಯಿಗೆ ಹಾಕಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, “ಯವ್ವಾ, ನಾ ಹೊಳ್ಳಿ ಹೋಗಂಗಿಲ್ಲ,” ಎಂದಳು. ಆ ಮಾತಿಗೆ ಯಾರೂ ನಗಲಿಲ್ಲ.

ಯಾಕೆ ಎಂದು ದೊಡ್ಡವರು ಸರದಿಯಲ್ಲಿ ಕೇಳಿದರು. ಹೊಡೆಯುತ್ತಾರಾ, ಊಟಕ್ಕೆ ಕಡಿಮೆಯಾ, ಅಳಿಯ ಕುಡಿಯುತ್ತಾನಾ? ಯಾವುದಕ್ಕೂ ಅವಳು ಹೌದೆನ್ನಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಅವ್ವನ ಮುಂದೆ ಹೇಳಿದ್ದು ಇಷ್ಟೇ: “ವೈನಿ, ಆ ಮನ್ಯಾಗ ಯಾರೂ ನನ್ನ ಹೆಸರ ಹಿಡದು ಕರಿಯಾಂಗಿಲ್ಲ. ಏ ಅಂತಾರ, ಇಕಿ ಅಂತಾರ. ನನ್ನ ಹೆಸರ ನಂಗ ಮರತಂಗ ಆಗೈತಿ.” ಇದು ಗಂಡನ ಮನೆ ಬಿಟ್ಟು ಬರುವ ಕಾರಣವೇ ಎಂದು ಅಪ್ಪ ತಲೆ ಚಚ್ಚಿಕೊಂಡ. ಅವ್ವ ಮಾತ್ರ ಒಲೆಯ ಬೆಂಕಿ ನೋಡುತ್ತಿದ್ದಳು. ಅವಳಿಗೆ ಏನು ನೆನಪಾಯಿತೋ ನಾನು ಕೇಳಲಿಲ್ಲ, ಕೇಳುವ ವಯಸ್ಸಾಗಿರಲಿಲ್ಲ. ನಾನು ಕಂಡದ್ದು ಇನ್ನೊಂದು: ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ ಪಾರತ್ತೆ ಬೆಚ್ಚಿಬೀಳುತ್ತಿದ್ದಳು.

ಅವಳು ಬಂದು ಕೆಲವು ದಿನಕ್ಕೆ ಎದುರುಮನೆಯ ಹನುಮವ್ವನ ಆಡು ಸತ್ತಿತು. ಬೆಳಿಗ್ಗೆ ನೋಡಿದರೆ ಗೂಟಕ್ಕೆ ಕಟ್ಟಿದ್ದ ಹಗ್ಗ ಹಾಗೇ ಇದೆ, ಆಡು ಮಲಗಿದಂತಿದೆ, ಕುತ್ತಿಗೆಯಲ್ಲಿ ಸಣ್ಣ ಗಾಯ. ಮಾಂಸ ತಿಂದಿಲ್ಲ, ಎಳೆದಾಡಿಲ್ಲ, ನೆಲದ ಮೇಲೆ ಒಂದು ಹನಿ ರಕ್ತ ಇಲ್ಲ. ಹನುಮವ್ವ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಹಿಂದಿನ ಓಣಿಯಲ್ಲಿ ಕೋಳಿಗಳು, ರೈಲು ಹಳಿಯ ಕಡೆ ಒಂದು ಕರು, ಕಾಗಿನೆಲೆಯ ದಾರಿಯಲ್ಲಿ ಬೀಡುಬಿಟ್ಟಿದ್ದ ಕುರಿ ಹಿಂಡಿನಲ್ಲಿ ಕುರಿಗಳು. ಎಲ್ಲ ಕಡೆಯೂ ಅದೇ ಗಾಯ, ಅದೇ ಮಾತು: ಕೊಂದಿದೆ, ತಿಂದಿಲ್ಲ. ರಾಣೇಬೆನ್ನೂರಿನ ಕಡೆಯ ಕೃಷ್ಣಮೃಗದ ಕಾಡಿನಿಂದ ಬಂದ ತೋಳ ಎಂದರು ಕೆಲವರು. ತೋಳ ತಿನ್ನದೆ ಬಿಡುತ್ತದೆಯೇ, ಇದು ಕತ್ತೆಕಿರುಬ ಎಂದರು ಇನ್ನು ಕೆಲವರು. ಕ್ಷೌರದಂಗಡಿಯಲ್ಲಿ ಅಪ್ಪ ಕೇಳಿ ಬಂದಂತೆ ಅದಕ್ಕೆ ಮುಂದಿನ ಕಾಲು ಮನುಷ್ಯರ ಕೈಯಂತಿದ್ದವು, ಅಗಳಿ ತೆಗೆಯಲು ಬರುತ್ತಿತ್ತು. ನಮ್ಮ ಶಾಲೆಯ ಹುಡುಗಿಯೊಬ್ಬಳು ಅದು ಹಾರುತ್ತದೆ ಎಂದಳು. ಅರಣ್ಯ ಇಲಾಖೆಯ ಒಬ್ಬಾತ ಬಂದು ಧೂಳಿನ ಹೆಜ್ಜೆ ನೋಡಿ ಮೊದಲು ನಾಯಿ ಎಂದ. ಜನ ಸುತ್ತುಗಟ್ಟಿ ಸಿಟ್ಟು ಮಾಡಿದ ಮೇಲೆ, ತೋಳ ಇದ್ದರೂ ಇರಬಹುದು ಎಂದು ಸೀನುತ್ತ ಬಸ್ಸು ಹತ್ತಿದ. ಅಜ್ಜಿ ಅದರ ಹೆಸರು ಎತ್ತಬಾರದು, ಎತ್ತಿದರೆ ಕರೆದಂತೆ ಎಂದು ಮನೆಯಲ್ಲಿ ಅಪ್ಪಣೆ ಮಾಡಿದಳು. ಹೆಸರೇ ಇಲ್ಲದ್ದರ ಹೆಸರು ಎತ್ತುವುದು ಹೇಗೆ ಎಂದು ನನಗೆ ಹೊಳೆಯಲಿಲ್ಲ. ಎಲ್ಲರ ಮಾತೂ ಸೇರಿ ನನ್ನ ತಲೆಯೊಳಗಿನ ಪ್ರಾಣಿಗೆ ನಾಯಿಯ ಮುಖ, ಮನುಷ್ಯರ ಕೈ, ಕೋಳಿಯ ರೆಕ್ಕೆ ಬಂದಿದ್ದವು. ನಾನು ಅದಕ್ಕೆ ಹೆದರುತ್ತಿದ್ದೆನೋ, ಅದನ್ನು ನೋಡಲು ಕಾಯುತ್ತಿದ್ದೆನೋ, ಈಗಲೂ ಖಚಿತವಿಲ್ಲ.

ಮಾತು ತಿರುಗಿದ್ದು ನಮ್ಮ ಪಡಸಾಲೆಯಲ್ಲೇ. ತುಂಬು ಬಿಡಿಸುತ್ತ ಕುಳಿತಿದ್ದ ಹನುಮವ್ವ ತಲೆ ಎತ್ತದೆ ಹೇಳಿದಳು:

“ಪಾರವ್ವ ಬಂದ ಮ್ಯಾಲೇ ಶುರು ಆತಲ್ಲಬೇ ಇದು.”

ಸುಮ್ಮನೆ ತೊಟ್ಟು ಮುರಿಯುವ ಸದ್ದು. ನಡುಮನೆಯಿಂದ ಚೀಲ ಎಳೆದು ತರುತ್ತಿದ್ದ ಪಾರತ್ತೆ ಅಲ್ಲೇ ನಿಂತು, ಚೀಲದ ಬಾಯಿ ಬಿಚ್ಚಿ, ಎಂದಿನಂತೆ ಕೆಮ್ಮಿದಳು. ಮರುದಿನದಿಂದ ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಒಬ್ಬಳಿಗೆ ಜ್ವರ, ಒಬ್ಬಳಿಗೆ ನೆಂಟರು, ಒಬ್ಬಳಿಗೆ ನಮ್ಮ ಮುಖ ನೋಡಿ ಸುಳ್ಳು ಹೇಳಲೂ ಧೈರ್ಯವಿಲ್ಲ. ಆಕೆಯ ಕೈ ನೋಡಿದಿರಾ ಹೇಗೆ ಕೆಂಪಗಿವೆ ಎಂದು ನೀರಿನ ನಲ್ಲಿಯ ಹತ್ತಿರ ಹನುಮವ್ವ ಹೇಳಿದಳಂತೆ. ಹೇಳಿದವಳ ಕೈಯೂ ಕೇಳಿದವರ ಕೈಯೂ ಅಷ್ಟೇ ಕೆಂಪಗಿದ್ದವು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಚೀಲಗಳು ಪಡಸಾಲೆಯಲ್ಲಿ ಹಾಗೇ ಉಳಿದವು. ವ್ಯಾಪಾರಿ ಒಮ್ಮೆ ಬಂದು ನೋಡಿ, ಮೀಸೆ ಎಳೆದುಕೊಂಡು ಹೋದರು. ಅಪ್ಪ ಅಂದು ಊಟ ಮಾಡಲಿಲ್ಲ. ಅಜ್ಜಿ, ಅವ್ವ, ಪಾರತ್ತೆ, ಶಾಲೆ ಬಿಟ್ಟ ಮೇಲೆ ನಾನು, ನಾವೇ ಕುಳಿತು ತೊಟ್ಟು ಕಿತ್ತೆವು. ಆ ರಾಶಿಗೆ ನಮ್ಮ ಕೈ ಯಾವ ಮೂಲೆಗೆ?

ಪಾರತ್ತೆ ಸಂಜೆ ನನಗೆ ಜಡೆ ಹಾಕುತ್ತಿದ್ದಳು. ಒಂದು ಸಂಜೆ, ಅವಳ ಮುಖ ನನಗೆ ಕಾಣದ ಧೈರ್ಯದಲ್ಲಿ, ಕೇಳಿಯೇಬಿಟ್ಟೆ.

“ಅತ್ತಿ, ಅದು ನಿನ್ನ ಹಿಂದ ಬಂದೈತೇನು?”

ಬಾಚಣಿಗೆ ನಿಂತಿತು. ಬೈಯುತ್ತಾಳೆ ಎಂದು ನಾನು ಹೆಗಲು ಕುಗ್ಗಿಸಿದೆ. ಅವಳು ಬೈಯಲಿಲ್ಲ.

“ನಂಗೂ ತಿಳಿವಲ್ದು ಸರೂ,” ಎಂದಳು. “ಮದಲ ಸುಳ್ಳ ಅನಸ್ತಿತ್ತು. ಎಲ್ಲಾರೂ ಅನ್ನಾಕತ್ತಾರಲ್ಲ, ಖರೇನ ಇರಬಹುದೇನೋ ಅನಸ್ತೈತಿ ಈಗ. ರಾತ್ರಿ ಮಲಗಿದಾಗ, ನಾ ಎಲ್ಲೆರ ಎದ್ದು ಹೋಗತೇನೇನು ಅಂತ, ಕಾಲಿಗೆ ಮಣ್ಣ ಹತ್ತೈತೇನು ಮುಟ್ಟಿ ನೋಡ್ಕೋತೇನಿ.”

ನನಗೆ ಅಳು ಬಂತು. ಹೆದರಿಕೆಯಿಂದಲ್ಲ. ದೊಡ್ಡವರಿಗೆ ತಮ್ಮ ವಿಷಯ ತಮಗೆ ಗೊತ್ತಿರುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಆ ಸಂಜೆ, ಅರ್ಧ ಹೆಣೆದ ಜಡೆಯ ಜೊತೆ. ಮುಂದೆ ಕೋರ್ಟಿನಲ್ಲಿ ಎಷ್ಟೋ ಜನ ಕಟಕಟೆಯಲ್ಲಿ ನಿಂತು, ತಾವೇ ಮಾಡಿದ್ದನ್ನು ಮಾಡಿದೆವೋ ಇಲ್ಲವೋ ಎಂದು ತಡವರಿಸುವುದನ್ನು ಟೈಪ್ ಮಾಡುವಾಗ ವಕೀಲರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆಮೇಲೆ ಚಿಗರಿ ಸತ್ತಿತು. ಮನೆಯೊಳಗೆ, ನಮ್ಮ ಅಂಕಣದಲ್ಲಿ, ಎಮ್ಮೆಯ ಪಕ್ಕದಲ್ಲೇ. ತಲೆಬಾಗಿಲಿಗೆ ಹಾಕಿದ ಅಡ್ಡಗೋಲು ಹಾಕಿದಂತೆಯೇ ಇತ್ತು. ಎಮ್ಮೆ ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿತ್ತು. ಚಿಗರಿಯ ಕುತ್ತಿಗೆಯಲ್ಲಿ ಅದೇ ಗಾಯ. ರಕ್ತ ಇತ್ತೇ ಇಲ್ಲವೇ ಎಂದು ಓಣಿಯ ಜನ ಬಾಗಿಲಲ್ಲಿ ನಿಂತು ಕೇಳಿದರು. ನಮಗೆ ಹೇಳಲು ಬರಲಿಲ್ಲ. ನೆಲವೆಲ್ಲ ಮೆಣಸಿನಕಾಯಿಯ ಕೆಂಪು. ಅಪ್ಪ ಕುಕ್ಕರಗಾಲಿನಲ್ಲಿ ಕುಳಿತು ಬೆರಳಿನಿಂದ ನೆಲ ಒರೆಸಿ, ಮೂಸಿ ನೋಡಿ, ನಮ್ಮ ಮುಖ ನೋಡಿದ. ಬೆರಳೂ ಮೊದಲೇ ಕೆಂಪು. ಅವನು ಆ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದ. ಆಗ ಅವ್ವ ಹಿತ್ತಲ ಬಾಗಿಲ ಚಿಲಕ ತೆಗೆದಿರುವುದನ್ನು ಕಂಡಳು. ನಾನು ಹಾಕಿದ್ದೆ ಎಂದಳು ಅವ್ವ. ನೀನು ಹಾಕಿದ ಮೇಲೆ ನಾನೂ ನೋಡಿದ್ದೆ ಎಂದಳು ಅಜ್ಜಿ. ನಸುಕಿನಲ್ಲಿ ಎದ್ದು ಹಿತ್ತಲಿಗೆ ಹೋಗುವ ರೂಢಿ ಇದ್ದವಳು ಪಾರತ್ತೆ. ಅವಳು ತನ್ನ ಕಾಲು ನೋಡಿಕೊಳ್ಳುತ್ತ ನಿಂತಿದ್ದಳು.

ಅಂದು ನಮ್ಮ ಮನೆಯಲ್ಲಿ ನಡೆದಂಥ ಜಗಳವನ್ನು ಮುಂದೆಂದೂ ನಾನು ಕಾಣಲಿಲ್ಲ. ಅಪ್ಪ ಕೂಗಾಡುವವನಲ್ಲ, ಅಂದು ಕೂಗಿದ.

“ನಾಳೆ ರಾಣೇಬೆನ್ನೂರಿಗೆ ಹೇಳಿ ಕಳಸ್ತೇನಿ. ಬಂದ ಕರ್ಕೊಂಡ ಹೋಗ್ಲಿ ಅವರ ಮನಿ ಸೊಸೀನ್ನ!”

“ನಿಮ್ಮ ತಂಗಿ ಅಕಿ. ಆಡಿನ ಸಲುವಾಗಿ ಹೊರಗ ಹಾಕತೀರೇನು?” ಎಂದಳು ಅವ್ವ. ಅತ್ತಿಗೆ ನಾದಿನಿಯ ಪರ ವಹಿಸಿದ್ದನ್ನು ಕಂಡು ಅಪ್ಪನಿಗೆ ದಿಕ್ಕು ತಪ್ಪಿತು.

“ಆಡಿಂದಲ್ಲ. ಮನ್ಯಾಗ ಕೆಲಸ ನಿಂತೈತಿ. ಓಣ್ಯಾಗ ತಲಿ ಎತ್ತಿ ನಡಿಯಾಕ ಆಗವಲ್ದು. ಅಕಿನ್ನ ಬಿಟ್ಟರ ನಮಗ ಮತ್ತೇನ ದಾರಿ ಐತಿ, ನೀನ ಹೇಳು.”

ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಅಜ್ಜಿ ಮೆಣಸಿನಕಾಯಿಯ ತೊಟ್ಟು ಕೀಳುತ್ತಲೇ, “ಹೇಳಿ ಕಳಸು,” ಎಂದಳು. ಅಷ್ಟೇ. ಹೆತ್ತ ತಾಯಿ ಹೀಗೆ ಅಂದಳಲ್ಲ ಎಂದು ಅವ್ವ ಆ ದಿನವಿಡೀ ಅಜ್ಜಿಯ ಜೊತೆ ಮಾತಾಡಲಿಲ್ಲ.

ಬೀಗತಿ ಮತ್ತು ಅವರ ಮಗ ಬೆಳಗಿನ ಬಸ್ಸಿಗೆ ಬಂದರು. ಪಾರತ್ತೆಯ ಅತ್ತೆ ದೊಡ್ಡ ಕುಂಕುಮದ, ಗಟ್ಟಿ ದನಿಯ ಹೆಂಗಸು. ಗಂಡ ಮೆತ್ತಗಿನ ಮನುಷ್ಯ, ಇಸ್ತ್ರಿ ಅಂಗಿ. ಇಬ್ಬರೂ ಪಡಸಾಲೆಯ ಚೀಲಗಳ ನಡುವೆ ಕರವಸ್ತ್ರ ಮೂಗಿಗೆ ಹಿಡಿದೇ ಕುಳಿತರು. ಅವ್ವ ಹೋಳಿಗೆ, ಕಟ್ಟಿನ ಸಾರು ಮಾಡಿದ್ದಳು. ಎಲೆ ಹಾಕುವ ಮೊದಲೇ ಬೀಗತಿ ಮಾತು ತೆಗೆದರು.

“ಊರ ತುಂಬ ಸುದ್ದಿ ಐತ್ರಿ. ಇಕಿ ಹಿಂದ ಏನೋ ಅಡ್ಯಾಡತೈತಂತ. ನಮ್ಮ ಮನ್ಯಾಗ ಎಮ್ಮಿ ಅದಾವು, ಎತ್ತ ಅದಾವು. ದೃಷ್ಟಿ ತಗದು, ಸ್ವಚ್ಛ ಮಾಡಿ ಕಳಸ್ರಿ. ನಮ್ಮ ಕಣ್ಣ ಮುಂದ ತಗೀರಿ.”

“ಆತು ಬಿಡ್ರಿ,” ಎಂದು ಅಜ್ಜಿ ಎದ್ದಳು.

ಪಾರತ್ತೆಯ ಕೈಚೀಲ ಆಗಲೇ ಬಾಗಿಲ ಪಕ್ಕದಲ್ಲಿತ್ತು. ಅವಳನ್ನು ಪಡಸಾಲೆಯ ನಡುವೆ ಮಣೆಯ ಮೇಲೆ ಕೂರಿಸಿದರು. ಅಜ್ಜಿ ಒಡೆದ ಹಂಚಿನಲ್ಲಿ ಕೆಂಡ ತಂದಿಟ್ಟಳು. ಆಮೇಲೆ ಗೂಡಿನ ಡಬ್ಬಿ ತೆರೆದು ಒಂದು ಬೆಲ್ಲದ ಚೂರು ಪಾರತ್ತೆಯ ಬಾಯಿಗಿಟ್ಟಳು. ಹೊರಡುವ ಮಗಳಿಗೆ ಬೆಲ್ಲ ಎಂದುಕೊಂಡೆ ನಾನು. ಹಾಗಾದರೆ ಹೋಗುವುದು ಖಾಯಂ. ಅಜ್ಜಿ ಹಿಡಿ ತುಂಬ ಕಾಯಿ ಹಿಡಿದು ಇಳಿಸಿದಳು, ಎಂದಿಗಿಂತ ನಿಧಾನವಾಗಿ, ಮತ್ತೆ ಕೆಂಡಕ್ಕೆ ಹಾಕಿದಳು. ಹೊಗೆ ದಟ್ಟವಾಗಿ ಎದ್ದಿತು. ಮೊದಲು ಅಳಿಯ ಕೆಮ್ಮಿದ. ಆಮೇಲೆ ಬೀಗತಿ ಕೆಮ್ಮಿದರು, ಕಣ್ಣಿಂದ ಮೂಗಿಂದ ನೀರಿಳಿಸಿಕೊಂಡು, ಉಸಿರು ಸಿಗದೆ ನೆಲಕ್ಕೆ ಕೈ ಊರಿ ಕೆಮ್ಮಿದರು. ಕೆಮ್ಮು ಸ್ವಲ್ಪ ತಗ್ಗಿದ ಮೇಲೆ ತಲೆ ಎತ್ತಿ ಸುತ್ತ ನೋಡಿದರು. ಹೊಗೆಯ ನಡುವೆ ಅಪ್ಪ, ಅವ್ವ, ಅಜ್ಜಿ, ನಾನು, ಪಾರತ್ತೆ, ಎಲ್ಲರೂ ತೆಪ್ಪಗೆ ಕುಳಿತಿದ್ದೆವು.

“ನಿಮಗ ಘಾಟ ಬಡೀಲಿಲ್ಲೇನ್ರಿ?”

“ಯಾವ ಘಾಟ್ರಿ?” ಎಂದಳು ಅವ್ವ. ಖಂಡಿತ ಅವಳಲ್ಲಿ ಕಪಟ ಇರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

“ಅದು ಹಂಗಲ್ರಿ ಬೀಗತಿ,” ಎಂದು ಅಪ್ಪ ಬಾಯಿ ತೆಗೆದ, “ನಾವು ವರ್ಷಾನಗಟ್ಲೆ ಇದರಾಗ...”

“ನೀ ಸುಮ್ಮನ ಕುಂದ್ರೋ,” ಎಂದಳು ಅಜ್ಜಿ. ಅಪ್ಪ ಸುಮ್ಮನಾದ. ಅವನಿಗೆ ಅಜ್ಜಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತೇ ಅದು.

ಬೀಗತಿ ಪಾರತ್ತೆಯನ್ನು ದಿಟ್ಟಿಸಿ ನೋಡಿದರು. ಆ ಗಟ್ಟಿ ದನಿ ಎಲ್ಲೋ ಹೋಗಿತ್ತು.

“ನಮ್ಮ ಮನ್ಯಾಗ ಬರೇ ಒಗ್ಗರಣಿಗೆ ಕೆಮ್ಮತಿದ್ದಾಕಿ ಇಕಿ. ಇಷ್ಟ ಹೊಗಿಯೊಳಗ ಹೆಂಗ ಕುಂತಾಳ ನೋಡೋ! ಇದು ಇಕಿ ಅಲ್ಲಪಾ. ಇಕಿ ಒಳಗ ಅದು ಕುಂತೈತಿ. ಇಡೀ ಮನಿಗೇ ಹತ್ತೈತಿ. ಏಳು, ಏಳು!”

ಅವರು ಚಪ್ಪಲಿ ಹುಡುಕುತ್ತ ಬಾಗಿಲಿಗೆ ಓಡಿದರು. ಹೋಳಿಗೆಯ ಎಲೆ ಹಾಗೇ ಉಳಿಯಿತು. ಅಳಿಯ ಹೊಸ್ತಿಲ ತನಕ ಹೋದವನು ನಿಂತು, ತಿರುಗಿ, ಒಂದು ಸಲ ಕೆಮ್ಮಿ, “ಪಾರ್ವತೀ,” ಎಂದ.

ನಾನು ಅತ್ತೆಯ ಮುಖ ನೋಡಿದೆ. ಕಣ್ಣು ತುಂಬಿ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಕತ್ತಿನ ನರಗಳು ಉಬ್ಬಿದ್ದವು, ತುಟಿ ಬಿಗಿದಿತ್ತು. ಅವಳು ಬಾಯಿ ತೆರೆಯಲಿಲ್ಲ. ಅವನು ಕಾದ, ತುಂಬ ಹೊತ್ತಲ್ಲ, ಆದರೂ ಕಾದ. ಆಮೇಲೆ ಹೊರಗಿನಿಂದ ತಾಯಿ ಕೂಗಿದ ಕಡೆಗೆ ಹೋದ. ಪಾರತ್ತೆ ಎದ್ದು ಹಿತ್ತಲಿಗೆ ಓಡಿದಳು. ಬಾವಿಯ ಹಿಂದಿನಿಂದ ಏನೋ ಸದ್ದು ಬಂತು. ನಾನು ಓಡಹೊರಟರೆ ಅವ್ವ ತೋಳು ಹಿಡಿದಳು.

“ಅಳಾಕತ್ತಾಳ. ಬಿಡು, ಅಳ್ಳಿ.”

ಅಪ್ಪ ಮತ್ತೆ ರಾಣೇಬೆನ್ನೂರಿಗೆ ಹೇಳಿ ಕಳಿಸಲಿಲ್ಲ. ಅವರೂ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಬಸ್ಸಿನವರು ಸುದ್ದಿ ತಂದರು: ಈಗ ರಾಣೇಬೆನ್ನೂರಿನ ಕಡೆ ಕುರಿಗಳು ಸಾಯುತ್ತಿವೆ, ಅದೇ ಗಾಯ. ಆ ತಾಯಿ ಮಗನ ಹಿಂದೆಯೇ ಬಸ್ಸು ಹತ್ತಿ ಹೋಯಿತು ಎಂದು ನಮ್ಮ ಓಣಿ ತೀರ್ಮಾನಿಸಿತು. ತೀರ್ಮಾನ ಮಾಡಿದವಳು ಹನುಮವ್ವನೇ. ಮರುದಿನ ಏನೂ ಆಗದವಳಂತೆ ಬಂದು ಪಡಸಾಲೆಯಲ್ಲಿ ತನ್ನ ಜಾಗದಲ್ಲಿ ಕುಳಿತು, “ಚಾ ಮಾಡ ಪಾರವ್ವ,” ಎಂದಳು. ನಮ್ಮ ಕಡೆ ಸಾವು ನಿಂತಿತು. ಆ ಪ್ರಾಣಿ ನಿಜವಾಗಿಯೂ ಹೋಯಿತೋ, ಎಲ್ಲರೂ ಆಡು ಕುರಿಗಳನ್ನು ಜೋಪಾನವಾಗಿ ಕಟ್ಟಿದ್ದರಿಂದ ಬೇರೆ ಕಡೆ ಹುಡುಕಿಕೊಂಡು ಹೋಯಿತೋ, ಆ ಕಡೆ ಸತ್ತದ್ದು ಬೇರೆ ಯಾವುದರಿಂದಲೋ, ನನಗೆ ತಿಳಿದಿಲ್ಲ. ಹಿತ್ತಲ ಚಿಲಕ ಯಾರು ತೆಗೆದರು ಎಂಬುದೂ ತಿಳಿದಿಲ್ಲ. ಅಜ್ಜಿ ಸಾಯುವವರೆಗೂ ನಮಗೆ ದೃಷ್ಟಿ ತೆಗೆದಳು, ಪ್ರತಿ ಸಲವೂ ಬೆರಗಾದಳು.

ಈಚೆಗೆ ಮತ್ತೆ ಕುರಿಗಳು ಸತ್ತ ಸುದ್ದಿ ಮೊಬೈಲಿನಲ್ಲಿ ಹರಿದಾಡುತ್ತಿದೆ. ಕತ್ತಲಲ್ಲಿ ಏನೋ ಓಡಿದ ವಿಡಿಯೊ. ಅದನ್ನು ನೋಡಿದರೆ ನಾಯಿಯೂ ಅನ್ನಬಹುದು, ಪೊದೆಯೂ ಅನ್ನಬಹುದು. ಅದನ್ನು ನೋಡಿದ ದಿನವೇ ನನಗೆ ಕೂರಲಾಗದೆ ಬ್ಯಾಡಗಿಗೆ ಹೋದೆ. ಆ ಮನೆಯಲ್ಲಿ ಈಗ ಪಾರತ್ತೆಯದೇ ಯಜಮಾನಿಕೆ. ತುಂಬು ಬಿಡಿಸಲು ಹೆಂಗಸರು ಈಗಲೂ ಬರುತ್ತಾರೆ, ಅಜ್ಜಿಯ ಕಂಬಕ್ಕೆ ಪಾರತ್ತೆ ಒರಗಿ ಕೂರುತ್ತಾಳೆ. ನಾನು ಹೊಸ್ತಿಲು ದಾಟಿದ್ದೇ ತಡ, ಕೆಮ್ಮು ಹತ್ತಿತು. ಮಾತಾಡಲಾಗದೆ ಕಣ್ಣಲ್ಲಿ ನೀರು ಸುರಿಸುತ್ತ, ಕತ್ತು ಹಿಡಿದು ನಿಂತೆ. ಗಂಟಲ ನರ ಬಿಗಿದು ನೋಯುತ್ತಿದ್ದಾಗ ಮಣೆಯ ಮೇಲೆ ಕುಳಿತಿದ್ದ ಆ ಮುಖ ಕಣ್ಣಿಗೆ ಕಟ್ಟಿತು. ಅವಳು ಆಗ ಬಂದದ್ದು ಪರಊರಿನಿಂದ. ದಿನವೂ ಚೀಲ ಬಿಚ್ಚಿದಾಗ ಕೆಮ್ಮುತ್ತಿದ್ದವಳು ಅವಳೊಬ್ಬಳೇ. ಇಷ್ಟು ವರ್ಷ ಸಾಕ್ಷಿಗಳ ಮಾತಿನಲ್ಲಿ ತಪ್ಪು ಹಿಡಿದವಳಿಗೆ ಇದು ಹೊಳೆದಿರಲಿಲ್ಲ.

“ಅತ್ತಿ, ಆವತ್ತ ನಿನಗ ಕೆಮ್ಮ ಬಂದಿತ್ತಲ್ಲ?”

ಯಾವತ್ತು ಎಂದು ಅವಳು ಕೇಳಲಿಲ್ಲ.

“ಜೀವಾನ ಹೋಗತಿತ್ತವ್ವಾ. ಕೆಮ್ಮಿದ್ರ ದೃಷ್ಟಿ ಇಲ್ಲಂತ ಆಗಿ ಅವರ ಹಿಂದ ಹೊಂಡೂದ ಇತ್ತು. ನುಂಗಿದೆ.”

“ಅಜ್ಜಿಗೆ ಗೊತ್ತಿತ್ತೇನು? ಅಕೀನ ಹೇಳಿಕೊಟ್ಟಿದ್ಲೇನು?”

“ಏನೂ ಹೇಳಲಿಲ್ಲ. ಬಾಯಾಗ ಬೆಲ್ಲ ಇಟ್ಟಳು, ನೀನೂ ನೋಡೀದಿ. ಗಂಟಲಿಗೆ ಇಟ್ಟಳೋ, ಹೋಗಿ ಬಾ ಅಂತ ಇಟ್ಟಳೋ. ಆಕಿ ಇರೂತನಾ ಕೇಳೂ ಧೈರ್ಯ ಬರಲಿಲ್ಲ ನಂಗ. ಹೋಗಿ ಬಾ ಅಂತನ ಇಟ್ಟಿದ್ದೆ ಅಂದಿದ್ರ?”

ಅವಳ ಕೈ ನಿಲ್ಲದೆ ತೊಟ್ಟು ಕೀಳುತ್ತಿತ್ತು. ನಾನು ಇನ್ನೊಂದನ್ನು ಕೇಳಬಾರದಿತ್ತು, ಆದರೂ ಕೇಳಿದೆ.

“ಮಾವ ಹೆಸರ ಹಿಡದ ಕರದಾಗ ಬಾಯಿ ತಗದಿದ್ರ ಏನಂತಿದ್ದಿ?”

“ಬಾಯಿ ತಗದಿದ್ರ ಕೆಮ್ಮ ಬರತಿತ್ತು.”

“ಕೆಮ್ಮ ಇರಲಿಲ್ಲ ಅಂತ ತಿಳಿ.”

ಪಾರತ್ತೆಯ ಕೈ ನಿಂತಿತು. ಅವಳು ತಲೆಬಾಗಿಲ ಹೊಸ್ತಿಲನ್ನು, ಅವನು ನಿಂತಿದ್ದ ಜಾಗವನ್ನು, ಅಲ್ಲಿ ಈಗಲೂ ಯಾರೋ ನಿಂತಿದ್ದಾರೆ ಎಂಬ ಹಾಗೆ ನೋಡಿದಳು.

“ತಿಳಿವಲ್ದು ಸರೂ,” ಎಂದಳು.

ನನಗೆ ಮತ್ತೆ ಕೆಮ್ಮು ಬಂತು. ಸಂಜೆಯಾಗುತ್ತಿತ್ತು, ಹಾವೇರಿಯ ಬಸ್ಸಿಗೂ ಹೊತ್ತಾಗಿತ್ತು. ಪಾರತ್ತೆ ಗೂಡಿಗೆ ಕೈ ಹಾಕಿ, ಅದೇ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು, ಏನೂ ಹೇಳದೆ ನನ್ನ ಬಾಯಿಗಿಟ್ಟಳು. ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ.